ಅಣ್ಣನ ಮೇಲೆ ನಾನು ಹೇಳಿದ ಸಾಕ್ಷಿ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ, ನನಗಂತೂ ಸಿಗಲಿಲ್ಲ. ಹೊಲದಲ್ಲಿ ನಾನು ಅಣ್ಣನಿಗಿಂತ ಒಂದು ಕೈ ಹೆಚ್ಚೇ ದುಡಿಯುತ್ತಿದ್ದೆ. ಆದರೂ ಕಾರಹುಣ್ಣಿಮೆ ಬಂತೆಂದರೆ ಅಪ್ಪ ಬಿಳಿ ಎತ್ತುಗಳ ಹಗ್ಗ ಕೊಡುತ್ತಿದ್ದದ್ದು ಅವನ ಕೈಗೇ.

ಮನೋಳಿ ಹತ್ತಿರದ ನಮ್ಮ ಊರಿನಲ್ಲಿ ಆ ಸಂಜೆ ಊರ ಹೆಬ್ಬಾಗಿಲಾದ ಅಗಸಿಗೆ ಬೇವಿನ ಸೊಪ್ಪಿನ ತೋರಣ ಕಟ್ಟಿ, ಎತ್ತು ಓಡಿಸಿ ಅದನ್ನು ಹರಿಸುತ್ತಿದ್ದರು. ಇದೇ ಕರಿ ಹರಿಯುವುದು. ಬಿಳಿ ಎತ್ತು ಮೊದಲು ಹರಿದರೆ ಬಿಳಿಜೋಳ ಚೆನ್ನಾಗಿ ಬರುತ್ತದೆಂದು ನಂಬಿಕೆ. ಹರಿಸಿದವನನ್ನು ಊರವರು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಮೂರು ವರ್ಷ ಅಣ್ಣನನ್ನೇ ಹೊತ್ತರು. ಅವನ ರುಮಾಲು ಹಿಡಿದುಕೊಂಡು ಹಿಂದೆ ನಡೆಯುವುದು ನನ್ನ ಪಾಲು.

ಹಲಗೆ ವಾದ್ಯದ ಸದ್ದು ನಿಂತ ಮೇಲೆಯೇ ಎತ್ತು ಬಿಡಬೇಕು. ಅಷ್ಟರಲ್ಲಿ ದಾರಿಯಲ್ಲಿದ್ದವರು ಸರಿಯುತ್ತಾರೆ. ನಾಲ್ಕನೆಯ ವರ್ಷ ಅಣ್ಣ ಅವಸರಪಟ್ಟು ಹಲಗೆ ಬಡಿಯುತ್ತಿರುವಾಗಲೇ ಬಿಟ್ಟ. ಗಾಣದ ಮನೆಯ ಅಜ್ಜಿ ಎತ್ತುಗಳ ಕಾಲಡಿ ಸಿಕ್ಕಳು, ತೊಡೆ ಮುರಿಯಿತು. ಅವಳು ಅಲ್ಲಿ ನಿಂತದ್ದು ನನಗೆ ಕಂಡಿತ್ತು. ಮೊದಲೇ ಬಿಟ್ಟರೆ ಗೆಲುವು ಸಲ್ಲದು, ಈ ಸಲವಾದರೂ ಸೋಲಲಿ ಎಂದು ಅಣ್ಣನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಅಣ್ಣನ ಮೇಲೆ ಕೇಸಾಯಿತು. ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಕೋರ್ಟಿಗೆ ಹೋದೆವು. ಅಣ್ಣ ತಪ್ಪು ಒಪ್ಪಿಕೊಂಡ. ಯಾರಾದರೂ ಅವನನ್ನು ತಡೆದಿದ್ದರೇ ಎಂದು ಸಾಹೇಬರು ಕೇಳಿದಾಗ ನಾನು ಮುಂದೆ ಬಂದೆ.

"ನಾ ಒದರಿದ್ನಿರಿ, ಸಾಹೇಬ್ರ. ಮುದುಕಿ ನಿಂತಾಳ, ತಡಿಯೋ ಅಂದ್ನಿ. ಕೇಳಲಿಲ್ರಿ."

ಎಚ್ಚರಿಸಿದರೂ ಬಿಟ್ಟನಲ್ಲ ಎಂದು ಒಂದು ವರ್ಷ ಸಜೆಯಾಯಿತು.

ಅಪ್ಪ ಬೆಳಗಾವಿಯಲ್ಲಿ ಅಪೀಲು ಹಾಕಿಸಿದ. ತಪ್ಪಿನ ಬಗ್ಗೆ ತಕರಾರಿರಲಿಲ್ಲ, ವರ್ಷವೆಂಬುದು ಹೆಚ್ಚಾಯಿತು ಎಂಬುದಷ್ಟೇ. ವಕೀಲರು ನನ್ನನ್ನು ಕೂರಿಸಿಕೊಂಡು ಕೇಳಿದರು: "ಖರೇ ಹೇಳ್ರಿ. ನೀವು ಒದರಿಲ್ಲ ಅಂದ್ರ ಸಜಾ ಮೂರು ತಿಂಗಳಿಗೆ ಇಳಸಾಕ ಹಾದಿ ಐತಿ."

ಮೂರು ತಿಂಗಳಾದರೆ ಮುಂದಿನ ಕಾರಹುಣ್ಣಿಮೆಗೆ ಅವನು ಮನೆಯಲ್ಲಿರುತ್ತಾನೆ. ವರ್ಷವಾದರೆ ಹಗ್ಗ ನನ್ನದು.

"ಒದರಿದ್ನಿರಿ" ಎಂದೆ.

ವಕೀಲರು ಜೇಲಿಗೆ ಹೋಗಿ ಅಣ್ಣನನ್ನೇ ಕೇಳಿದರು. ತಮ್ಮನದು ಸುಳ್ಳು ಎಂದು ಅವನು ಹೇಳಿದ್ದರೆ ವಾದಕ್ಕೊಂದು ದಾರಿಯಾಗುತ್ತಿತ್ತು. ಮರಳಿ ಬಂದು ಅವನ ಮಾತನ್ನು ಅಪ್ಪನಿಗೆ ಹಾಗೆಯೇ ಒಪ್ಪಿಸಿದರು: "ನನ್ನ ತಮ್ಮ ಸುಳ್ಳು ಹೇಳಾಂವ ಅಲ್ರಿ. ಒದರಿರಬೇಕು. ನನ್ನ ಲಕ್ಷ್ಯ ಎಲ್ಲಾ ಎತ್ತಿನ ಮ್ಯಾಲಿತ್ತು."

ಅಪೀಲು ಬಿದ್ದುಹೋಯಿತು. ಅಣ್ಣನ ಮಾತು ಕೇಳಿ, ಎಂಥ ಮಗನನ್ನು ಹೆತ್ತೆ ಎಂದು ಅವ್ವ ಹೆಮ್ಮೆಯಿಂದ ಅತ್ತಳು. ನನಗೆ ನಾಚಿಕೆಯಾಗಬೇಕಿತ್ತು, ಆದದ್ದು ಹೊಟ್ಟೆಯುರಿ. ಜೇಲಿನಲ್ಲಿ ಕೂತೇ ಅವನು ನನ್ನನ್ನು ಮತ್ತೆ ಸೋಲಿಸಿದ್ದ.

ಕಾರಹುಣ್ಣಿಮೆಗೆ ಅಪ್ಪ ಹಗ್ಗವನ್ನು ನನ್ನ ಕೈಗಿಟ್ಟ. ಅಗಸಿ ಕಟ್ಟೆಯ ಮೇಲೆ ಕೋಲು ಹಿಡಿದು ಗಾಣದ ಅಜ್ಜಿ ಕೂತಿದ್ದಳು. ವಿಚಾರಣೆಯ ದಿನಗಳಲ್ಲಿ ಅವಳು ಹಾಸಿಗೆ ಹಿಡಿದಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

"ಯಪ್ಪಾ, ಅವತ್ತ ನನ್ನ ನೋಡಿಕೋತ ಸುಮ್ನ ನಿಂತಿದ್ದಿ" ಎಂದಳು. "ಈ ಸಲನಾದ್ರೂ ಒದರಿ ಎತ್ತ ಬಿಡೋ."

ಹಲಗೆ ನಿಂತಿತು. ಪಕ್ಕದ ಮನೆಯ ಕೆಂದೆತ್ತುಗಳು ನನ್ನನ್ನು ದಾಟಿ ಹೋಗಿ ಕರಿ ಹರಿದವು. ನಾನು ಹಗ್ಗ ಹಿಡಿದುಕೊಂಡೇ ನಿಂತಿದ್ದೆ.