ಬತ್ತಿ ಹತ್ತದ ದಿನ ಯಶೋದಮ್ಮ ಗೆದ್ದರು

ಬೆಳಗಿನ ಆರು ಗಂಟೆ, ಗಾಳಿ ಇನ್ನೂ ಎದ್ದಿಲ್ಲ. ಶ್ರೀರಂಗಪಟ್ಟಣದ ಹೊರವಲಯದ ಪುಟ್ಟ ಬ್ಯಾಟರಿ ಪ್ರಯೋಗಾಲಯದಲ್ಲಿ ಯಶೋದಮ್ಮ ಗಾಜಿನ ನೂಲಿನ ಬತ್ತಿಯನ್ನು ದ್ರವದಲ್ಲಿ ಅದ್ದಿ, ಇಕ್ಕಳದಲ್ಲಿ ಹಿಡಿದು ಬೆಂಕಿ ಸೋಕಿಸುತ್ತಾರೆ. ಭಗ್ಗನೆ ಉರಿ. ಅದು ಆರುವವರೆಗೆ ಗಡಿಯಾರದಿಂದ ಕಣ್ಣು ಕೀಳುವುದಿಲ್ಲ. ಮೂವತ್ತೊಂದು ಸೆಕೆಂಡು. ದಿನಕ್ಕೆ ಇಂಥ ನಲವತ್ತು ಬತ್ತಿ.

ಲಿಥಿಯಂ ಲೋಹದ ಬ್ಯಾಟರಿ ಪುಟ್ಟ ಒಡಲಲ್ಲಿ ದೊಡ್ಡ ಶಕ್ತಿ ಹಿಡಿದಿಡುತ್ತದೆ. ಆದರೆ ಅದರೊಳಗಿನ ದ್ರವ ಸೀಮೆಎಣ್ಣೆಯ ಒಡಹುಟ್ಟು, ಕಾದರೆ ಹೊತ್ತಿಕೊಳ್ಳುತ್ತದೆ. ಹೊತ್ತದ ದ್ರವ ಹುಡುಕುವುದೇ ಇಲ್ಲಿನ ಕೆಲಸ.

ಅರಕೆರೆಯ ಯಶೋದಮ್ಮ ಓದಿದ್ದು ಏಳನೇ ತರಗತಿ. ೧೯೯೨ರಲ್ಲಿ ಕಸ ಗುಡಿಸಲು ಸೇರಿದವರು ನೋಡನೋಡುತ್ತಲೇ ಪರೀಕ್ಷೆ ಕಲಿತರು. ಮೂರು ವರ್ಷದ ಹಿಂದೆ ಬ್ಯಾಟರಿಯೊಂದು ಸಿಡಿದು ಬಲಗೈಯ ಎರಡು ಬೆರಳು ಬೆಂದವು.

"ನಮ್ಮತ್ತೆ, 'ಆ ಬೆಂಕಿ ಕೆಲ್ಸ ಬುಟ್ಬುಡವ್ವ' ಅಂದ್ರು. ನಾನ್ ಬುಟ್ರೆ ನಾಳೆ ಇನ್ಯಾರ್ದೋ ಕೈ ಸುಡ್ತದಲ್ಲ ಅಂದೆ. ಗಾಯ ಮಾಗ್ತಿದ್ದಂಗೇ ಬಂದ್ಬುಟ್ಟೆ."

ಬೆಂಕಿಗೆ ಬಗ್ಗದ ದ್ರವವೊಂದು ಸಿಕ್ಕಿತ್ತು. ಅದನ್ನು ತುಂಬಿದ ಬ್ಯಾಟರಿ ಮಾತ್ರ ಎರಡೇ ದಿನಕ್ಕೆ ಸಾಯುತ್ತಿತ್ತು. ಬೇರೆ ದ್ರವ ಬೆರೆಸಿದರೆ ಬ್ಯಾಟರಿ ಬದುಕುತ್ತಿತ್ತು, ಬೆಂಕಿಯೂ ಹತ್ತುತ್ತಿತ್ತು. ಎರಡು ವರ್ಷ ಇದೇ ಪಾಡು.

ಕಳೆದ ಜೂನ್‌ನಲ್ಲಿ ಆ ಮೊದಲ ದ್ರವದ ಒಂದು ಸೀಸೆಗೆ, ವಿದ್ಯುತ್ ಹರಿಯಲೆಂದು ಬೆರೆಸುವ ಲಿಥಿಯಂ ಉಪ್ಪು ತಪ್ಪಿ ಮೂರು ಪಟ್ಟು ಬಿತ್ತು. "ಚೆಲ್ಲಿಬಿಡಿ ಯಶೋದಮ್ಮ," ಎಂದರು ಪ್ರಯೋಗಾಲಯದ ಮುಖ್ಯಸ್ಥ ಮಹದೇವಸ್ವಾಮಿ.

"ಒಂದ್ ಬತ್ತಿ ನೋಡ್ಬುಡ್ತೀನಿ ಸಾ," ಎಂದರು ಇವರು. ಮೂರು ಕಡ್ಡಿ ಗೀರಿದರೂ ಬತ್ತಿ ಹತ್ತಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ: "ಉಪ್ಪು ಜಾಸ್ತಿಯಾದ್ರೆ ಸಾರು ಕೆಡ್ತದೆ ಸಾ. ಇದು ಸಾರಲ್ವಲ್ಲ! ಬ್ಯಾಟ್ರಿಗೆ ತುಂಬಿ ನೋಡಿ."

ಮಹದೇವಸ್ವಾಮಿ ನಕ್ಕರು, ತುಂಬಿದರು. ಎರಡು ದಿನ ಕಳೆಯಿತು, ವಾರ ಕಳೆಯಿತು. ಇನ್ನೂರು ಬಾರಿ ಚಾರ್ಜು ಮಾಡಿದರೂ ಬ್ಯಾಟರಿ ಜಗ್ಗಲಿಲ್ಲ.

ಕೊನೆಗೆ ಮೊಳೆಯ ಪರೀಕ್ಷೆ. ಎಲ್ಲರೂ ಗೋಡೆಯ ಮರೆಗೆ ಸರಿದು ಗಾಜಿನ ಕಿಂಡಿಯಲ್ಲಿ ಇಣುಕಿದರು. ಯಂತ್ರ ಬ್ಯಾಟರಿಗೆ ಮೊಳೆ ಇಳಿಸಿತು. ಕಿಡಿಯಿಲ್ಲ, ಹೊಗೆಯೂ ಇಲ್ಲ. ಹತ್ತು ನಿಮಿಷದ ಬಳಿಕ ಯಶೋದಮ್ಮ ಬರಿ ಅಂಗೈಯಲ್ಲಿ ಅದನ್ನು ಎತ್ತಿ ತಂದಾಗ ಚಪ್ಪಾಳೆ ಬೀದಿಗೂ ಕೇಳಿಸಿತು.

ಮೊನ್ನೆ ಸಿದ್ಧವಾದ ವರದಿಯಲ್ಲಿ ಮಹದೇವಸ್ವಾಮಿಯವರ ಹೆಸರಿನ ಪಕ್ಕದಲ್ಲೇ ಅಚ್ಚಾಗಿದೆ: ಯಶೋದಮ್ಮ, ಅರಕೆರೆ. ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದುತ್ತಾರೆ.

"ಬೆಂಕಿ ಹಚ್ಚೋದು ಯಾರಿಗಾದ್ರೂ ಬತ್ತದೆ. ಹತ್ತದಂಗೆ ಮಾಡ್ದೋರು ನಾವು ಕಣಪ್ಪ."