ನಾಲ್ಕು ಸಲ ನೆಯ್ದ ನವಿಲು

ಬೀರು ತೆಗೆದರೆ ಕ್ಯಾಮೆರಾ ಚೀಲದಿಂದ ಈಗಲೂ ಶೇಂಗಾ ಹಿಂಡಿಯ ವಾಸನೆ ಬರುತ್ತದೆ. ನಮ್ಮ ಸಿನಿಮಾ ಕಂಪನಿ ಹುಟ್ಟಿದ್ದು ಎಣ್ಣೆ ಮಿಲ್ಲಿನಲ್ಲಿ ಎಂದರೆ ನೀವು ನಂಬಲಿಕ್ಕಿಲ್ಲ. ಈ ಚೀಲ ಮೂಸಿದರೆ ನಂಬುತ್ತೀರಿ. ಒಂದು ಚಿತ್ರೋತ್ಸವದವರು ಕಂಪನಿ ಹೇಗೆ ಹುಟ್ಟಿತೆಂದು ಒಂದು ಪುಟ ಬರೆದು ಕಳಿಸಲು ಹೇಳಿದ್ದಾರೆ. ಮೂರು ದಿನದಿಂದ ನನ್ನ ಹಾಳೆ ಖಾಲಿಯಾಗಿದೆ.

ಕಂಪನಿಯೆಂದರೆ ಇಬ್ಬರು, ನಾನು ಮತ್ತು ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆ ಓದಿದ ವಾಣಿ. ಚಳ್ಳಕೆರೆಯ ಮಿಲ್ಲು ಅವಳ ಅಪ್ಪನದು. ಖಾಲಿ ಚೀಲ ಇಡುವ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಕಂಪ್ನಿ ಅಂತೀರಿ, ಒಂದು ಮಷೀನೂ ಇಲ್ವಲ್ಲವ್ವ. ಈ ಕಡೆ ಹಾಕೋದೇನು, ಆ ಕಡೆ ಬರೋದೇನು?"

ನಾವು ಕ್ಯಾಮೆರಾ ತೋರಿಸಿ ನಗುತ್ತಿದ್ದೆವು.

ಮೊದಲ ಚಿತ್ರ ಮೊಳಕಾಲ್ಮೂರಿನ ನರಸಕ್ಕನ ಮೇಲೆ. ನಮ್ಮ ಅವ್ವಂದಿರ ವಯಸ್ಸಿನವರು, ರೇಷ್ಮೆ ಸೀರೆ ನೆಯ್ಯುವವರು. ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟು ಕೂತು, ನೇರಳೆ ಸೀರೆಯ ಸೆರಗಿನಲ್ಲಿ ನವಿಲು ನೆಯ್ಯುತ್ತಿದ್ದರು. ವಾಣಿ ಕೈಗಳನ್ನು ಚಿತ್ರೀಕರಿಸಿದಳು. ಬೆಳಕು ಸರಿಬರಲಿಲ್ಲ. ಎರಡನೆಯ ಸಲ ತೆಗೆದದ್ದು ಮೊದಲನೆಯದರ ಹಾಗೆಯೇ ಇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಟಿಪ್ಪಣಿ ಪುಸ್ತಕದಲ್ಲಿ ನವಿಲಿನ ಕುತ್ತಿಗೆ ಎಲ್ಲಿಂದ ಶುರುವಾಗಿತ್ತೆಂದು ಗೆರೆ ಹಾಕಿಟ್ಟಿದ್ದೆ.

"ಇನ್ನೊಂದು ಸಲ ಮಾಡೋಣ ಅಕ್ಕ. ಕುತ್ತಿಗೆ ಮೊದಲು ಎಷ್ಟಿತ್ತೋ ಅಷ್ಟೇ ಇರಬೇಕು," ಎಂದೆ.

"ಮಳ್ಳೀನಾ ತಾಯಿ?" ಎಂದರು ನರಸಕ್ಕ. ಆಂಧ್ರದ ಗಡಿ ಹತ್ತಿರದ ಊರು. 'ಮತ್ತೇನಾ' ಎನ್ನುವುದನ್ನು ತೆಲುಗಿನಲ್ಲಿ ಕೇಳಿದ್ದರು. ಹೌದೆಂದೆವು. "ಹಂಗಾರೆ ಒಂಚೂರು ಹೊರಗ್ ಕುಂದ್ರಿ. ನೀವ್ ಎದುರಿಗಿದ್ರೆ ಕೈ ಓಡಲ್ಲ."

ಜಗಲಿಯ ಮೇಲೆ ಕೂತು ಮಂಡಕ್ಕಿ ತಿಂದೆವು. ಕರೆದಾಗ ಒಳಗೆ ಹೋದರೆ ನವಿಲು ನನ್ನ ಪುಸ್ತಕದ ಗೆರೆಗೇ ಬಂದು ನಿಂತಿತ್ತು. ಎಷ್ಟು ಚೆನ್ನಾಗಿ ಹೇಳಿಕೊಟ್ಟೆನೆಂದು ಹೆಮ್ಮೆಪಟ್ಟೆ. ಹೀಗೆ ಮೂರು ಸಲವಾಯಿತು. ನೆಯ್ದ ನವಿಲು ತಾನಾಗಿ ಹಿಂದಕ್ಕೆ ಹೋಗುವುದಿಲ್ಲ ಎಂಬುದು ಪದವಿ ಪಡೆದ ಇಬ್ಬರಿಗೂ ಹೊಳೆಯಲಿಲ್ಲ.

ನಿಜವಾಗಿ ಹೊಳೆಯಲಿಲ್ಲವೇ? ಆ ಪುಸ್ತಕ ಈಗ ಎದುರಿಗಿದೆ. ನನ್ನದೇ ಅಕ್ಷರ: "ನೆಲದ ಮೇಲೆ ನೇರಳೆ ನೂಲಿನ ಚೂರು. ಮುಂದಿನ ಸಲಕ್ಕೆ ಗುಡಿಸಬೇಕು."

ಆ ಸಂಜೆ ಮನೆಗೆ ಬಂದ ನರಸಕ್ಕನ ಗಂಡ ಮಗ್ಗದ ಮೇಲೆ ಬಗ್ಗಿ ಬೆರಳಾಡಿಸಿದರು. "ಯಾಕೆ ಬಿಚ್ಚಿದ್ದೀಯ ಇದನ್ನ? ರೇಷ್ಮೆ ನವಿರೆದ್ದು ಒರಟಾಗೈತಲ್ಲೇ."

"ಸಿನಿಮಾದೋರ ಕೆಲ್ಸ ಹಂಗೈತೆ ಬಿಡು. ಮುಗ್ಸಿದ್ದನ್ನೇ ಮತ್ತೆ ಮುಗಿಸ್ಬೇಕಂತೆ."

ಆ ಸೀರೆಯನ್ನು ನೆಯ್ಯಲು ಹೇಳಿದ್ದ ವ್ಯಾಪಾರಿ ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ನಾವೇ ದುಡ್ಡು ಕೊಟ್ಟು ತಂದೆವು. ಬೀರುವಿನಲ್ಲಿ ಕ್ಯಾಮೆರಾ ಚೀಲದ ಪಕ್ಕದಲ್ಲೇ ಇದೆ, ಇಬ್ಬರೂ ಉಟ್ಟಿಲ್ಲ.

ನಾಲ್ಕನೆಯ ಸಲದ ಚಿತ್ರದಲ್ಲಿ ನರಸಕ್ಕನ ಬೆರಳುಗಳು ಒಂದೊಂದು ಎಳೆಯನ್ನೂ ಹುಡುಕಿ, ತಡೆದು, ಮುಟ್ಟುತ್ತವೆ. ನೋಡಿದವರೆಲ್ಲ "ಎಂಥ ತನ್ಮಯತೆ" ಎಂದರು. ಅದೇ ನಮ್ಮ ಗುರುತಾಯಿತು; ನಮ್ಮ ಪ್ರತಿ ಚಿತ್ರವೂ ಆ ಕೈಗಳಿಂದ ಆರಂಭವಾಗುತ್ತದೆ. ಅದು ತನ್ಮಯತೆಯಲ್ಲ, ಬಿಚ್ಚಿ ಬಿಚ್ಚಿ ಸವೆದ ಎಳೆ ಹರಿದೀತೆಂಬ ಭಯ ಎಂದು ನಮ್ಮಿಬ್ಬರಿಗೆ ಗೊತ್ತು. ಇದನ್ನು ಬರೆದರೆ ಆ ಕೈಗಳನ್ನು ಚಿತ್ರಗಳಿಂದ ತೆಗೆದುಹಾಕಬೇಕೇನೋ. ತೆಗೆದರೆ ಕಂಪನಿಯಲ್ಲಿ ಉಳಿಯುವುದೇನು? ವಾಣಿ ಹೇಳುತ್ತಾಳೆ: "ತಪ್ಪಾಗಿದ್ದು ನಿಜ ಕಣೇ. ಚಂದ ಬಂದಿದ್ದೂ ನಿಜ. ಯಾವುದನ್ನ ಬರೀತೀಯ?"

ನಿನ್ನೆ ನರಸಕ್ಕನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಮಾಡಿರಲಿಲ್ಲ. ಕ್ಷಮೆ ಕೇಳುವ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ನನ್ನ ಹೆಸರು ಕೇಳಿದ್ದೇ ಆ ಕಡೆ ಮಗ್ಗದ ಸದ್ದು ನಿಂತಿತು.

"ಮಳ್ಳೀನಾ ತಾಯಿ?"

ನಕ್ಕರು ಎನಿಸಿತು. ನನಗೆ ಖಾತ್ರಿಯಿಲ್ಲ. ಆ ಕೈಗಳನ್ನು ಎಲ್ಲ ಚಿತ್ರಗಳಲ್ಲೂ ತೋರಿಸುತ್ತೇವೆಂದು ಹೇಳಿ, ತೆಗೆದುಬಿಡಬೇಕೇ ಎಂದು ಕೇಳಿದೆ.

"ತೆಗೀಬ್ಯಾಡ. ಅವು ನನ್ ಕೈ ಅಂತ ಯಾರಿಗನಾ ಗೊತ್ತೈತಾ?"

ಯಾರಿಗೂ ಗೊತ್ತಿರಲಿಲ್ಲ. ನಾವು ಎಲ್ಲೂ ಹೆಸರು ಹಾಕಿರಲಿಲ್ಲ. ಬರೆದಿಟ್ಟುಕೊಂಡ ಚೀಟಿಯನ್ನು ಮಡಚಿಟ್ಟೆ.

ಇವತ್ತು ಚಿತ್ರೋತ್ಸವದ ಹಾಳೆಯಲ್ಲಿ ಎರಡು ವಾಕ್ಯ ಬರೆದಿದ್ದೇನೆ. ಈ ಕೈಗಳು ಮೊಳಕಾಲ್ಮೂರಿನ ನರಸಕ್ಕನವು. ಇದೊಂದು ನವಿಲನ್ನು ಅವರು ನಮಗಾಗಿ ನಾಲ್ಕು ಸಲ ನೆಯ್ದರು, ಮೂರು ಸಲ ಬಿಚ್ಚಿದರು. ಓದಿದವರು ಯಾಕೆಂದು ಕೇಳುತ್ತಾರೆ. ಕೇಳಲಿ.