ಸೊನ್ನೆಗೆ ಬಾರದ ಮುಳ್ಳು

ಭದ್ರಾವತಿಯ ನ್ಯೂ ಟೌನಿನಲ್ಲಿ ನಾನು ಪಿ.ಟಿ. ಮೇಷ್ಟ್ರಾಗಿದ್ದ ಕಾಲದಲ್ಲಿ ಕೈಗಡಿಯಾರವೆಂದರೆ ಬರೀ ಅಲಂಕಾರ. ಕಾರ್ಖಾನೆಯ ಸೈರನ್ ಕೂಗಿದರೆ ಸಾಕು, ಅನ್ನಕ್ಕಿಡುವವರು ಅನ್ನಕ್ಕಿಡುತ್ತಿದ್ದರು, ಸೈಕಲ್ ಹತ್ತುವವರು ಹತ್ತುತ್ತಿದ್ದರು. ಆ ಕೂಗನ್ನು ಮತ್ತೊಮ್ಮೆ ಕೇಳಬೇಕೆಂದು ಈಗಲೂ ಆಸೆಯಾಗುತ್ತದೆ.

ತೊಂಬತ್ತರ ದಶಕದ ನಡುವೆ, ದುಬೈನಲ್ಲಿದ್ದ ನನ್ನ ಭಾವಮೈದ ಕೀ ಕೊಡುವ ವಾಚೊಂದನ್ನು ತಂದುಕೊಟ್ಟ. ದೊಡ್ಡ ಡಯಲ್ಲಿನೊಳಗೆ ಮೂರು ಪುಟ್ಟ ಡಯಲ್ಲು, ಪಕ್ಕದಲ್ಲಿ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ಉದ್ದನೆಯ ಸೆಕೆಂಡ್ ಮುಳ್ಳು ಹೊರಡುತ್ತಿತ್ತು, ಮತ್ತೆ ಒತ್ತಿದರೆ ನಿಲ್ಲುತ್ತಿತ್ತು. ಕೆಳಗಿನದನ್ನು ಒತ್ತಿದರೆ ಸರಕ್ಕನೆ ಸೊನ್ನೆಗೆ ಹಾರುತ್ತಿತ್ತು. ಮೇಲೆ ಸ್ವಿಸ್ ಎಂದು ಬೇರೆ ಬರೆದಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಳಿಯಲ್ಲೂ ಅಂಗಿಯ ತೋಳು ಮಡಚಿಕೊಂಡೇ ಓಡಾಡಿದೆ. ಶಾಲೆಯ ಹಳೆಯ ಸ್ಟಾಪ್‌ವಾಚು ಬೀರು ಸೇರಿತು.

ಆ ವರ್ಷ ಶಿವಮೊಗ್ಗದಲ್ಲಿ ನಡೆಯುವ ಕ್ರೀಡಾಕೂಟಕ್ಕೆ ಮೈದಾನದ ಒಂದು ಸುತ್ತು ಓಡಲು ಒಬ್ಬಳನ್ನು ಮಾತ್ರ ಕಳಿಸಬೇಕಿತ್ತು. ನಮ್ಮ ಮೈದಾನ ಚಿಕ್ಕದು, ಸುಣ್ಣದ ಗೆರೆ ಎಳೆದರೆ ಒಮ್ಮೆಗೆ ನಾಲ್ವರಷ್ಟೇ ಓಡಬಹುದಿತ್ತು. ಹಾಗಾಗಿ ಹುಡುಗಿಯರನ್ನು ಎರಡು ತಂಡವಾಗಿ ಓಡಿಸಿ, ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದವಳನ್ನು ಆರಿಸುವುದೆಂದು ತೀರ್ಮಾನಿಸಿದೆ. ಮುಳ್ಳು ಸೊನ್ನೆಯಲ್ಲಿರುವುದನ್ನು ನೋಡಿಕೊಂಡೇ ಮೊದಲ ತಂಡವನ್ನು ಓಡಿಸಿದೆ. ಸಮಯ ಬರೆದುಕೊಂಡೆ, ಕೆಳಗಿನ ಗುಂಡಿ ಒತ್ತಿದೆ, ಎರಡನೆಯದಕ್ಕೆ ಸೀಟಿ ಊದಿದೆ.

ಎರಡನೆಯ ತಂಡದಲ್ಲಿ ಓಲ್ಡ್ ಟೌನಿನಿಂದ ನಡೆದು ಬರುತ್ತಿದ್ದ ಒಬ್ಬಳಿದ್ದಳು. ಹತ್ತನೇ ತರಗತಿ, ಅವಳಿಗೆ ಅದೇ ಕೊನೆಯ ಅವಕಾಶ. ಬರಿಗಾಲಲ್ಲಿ ಓಡಿ ಎಲ್ಲರನ್ನೂ ಹಿಂದೆ ಹಾಕಿದಳು. ಆದರೂ ನನ್ನ ವಾಚಿನ ಪ್ರಕಾರ ಮೊದಲ ತಂಡದ ಹುಡುಗಿಗಿಂತ ಒಂದು ಸೆಕೆಂಡ್ ಹೆಚ್ಚು. ಆಯ್ಕೆಯಾಗಲಿಲ್ಲವೆಂದಾಗ ತಲೆಯಾಡಿಸಿ ಹೋಗಿಬಿಟ್ಟಳು. ಇನ್ನೊಬ್ಬಳು ಶಿವಮೊಗ್ಗಕ್ಕೆ ಹೋಗಿ ಓಡಿಯೂ ಬಂದಳು.

ಎರಡು ತಿಂಗಳಿಗೆ ವಾಚು ನಿಂತಿತು. ಕೋಟೆಯ ಬಳಿ ವಾಚು ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರ ಬಳಿ ಒಯ್ದೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿ ನಕ್ಕರು.

"ಮೇಲೆ ಮಾತ್ರ ಸ್ವಿಸ್ ಸಾರ್, ಒಳಗೆ ಮಷೀನು ನಕಲಿ. ಟೈಮ್ ನೋಡೋಕೆ ಪರವಾಗಿಲ್ಲ. ಆದ್ರೆ ಈ ಉದ್ದ ಮುಳ್ಳು ಲೂಸಾಗಿದೆ. ಗುಂಡಿ ಒತ್ತಿದ್ರೆ ಜೋರಾಗಿ ವಾಪಸ್ ಬಂದು ಜಾರುತ್ತೆ. ಸೊನ್ನೆ ದಾಟಿ ನಿಲ್ಲುತ್ತೆ, ನೋಡಿ."

ಒತ್ತಿ ತೋರಿಸಿದರು. ಮುಳ್ಳು ಮೂರು ಸೆಕೆಂಡ್ ಮುಂದೆ ನಿಂತಿತ್ತು. ಎರಡನೆಯ ಓಟಕ್ಕೆ ಮುಂಚೆ ನಾನು ಮುಳ್ಳನ್ನು ನೋಡಿಯೇ ಇರಲಿಲ್ಲ.

ಮಾರನೆಯ ದಿನ ಬರಿಗಾಲಲ್ಲಿ ಓಡಿದ್ದ ಆ ಹುಡುಗಿಯನ್ನು ಮೈದಾನದ ಮೂಲೆಗೆ ಕರೆದು ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವಳು ಕಾಲಿನ ಹೆಬ್ಬೆರಳಿಂದ ಮಣ್ಣು ಕೆದಕುತ್ತಾ ನಿಂತಳು.

"ನಾನು ನೋಡಿದ್ದೆ ಸಾರ್. ಗೆರೆ ಹತ್ರ ನಿಮ್ ಪಕ್ಕದಲ್ಲೇ ನಿಂತಿದ್ನಲ್ಲ. ನೀವು ಸೀಟಿ ಊದೋಕ್ ಮುಂಚೇನೇ ಮುಳ್ಳು ಮುಂದೆ ಇತ್ತು."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಫಾರಿನ್ ವಾಚ್ ಅಲ್ವಾ ಸಾರ್. ನನ್ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ."